ಸೊನ್ನೆ ಎನ್ನುವುದಕ್ಕೂ ಅಪ್ಪಣೆ ಬೇಕೇ?

ವಿಮರ್ಶೆ ಎಂದರೆ ಕಥೆ, ಕಾದಂಬರಿ, ನಾಟಕಗಳದ್ದೇ ಆಗಬೇಕೆಂಬ ಕಟ್ಟಳೆಯೇನಿಲ್ಲ. ನಮ್ಮ ಸಂಘದ ಈ ಪತ್ರಿಕೆಯಲ್ಲಿ ಪುಸ್ತಕಗಳ ಬಗ್ಗೆ, ರಾಜ್ಯೋತ್ಸವದಂದು ಆಡಿದ ನಾಟಕಗಳ ಬಗ್ಗೆ, ಊರಿನಿಂದ ಬಂದು ಹಾಡಿ ಹೋದ ಕಲಾವಿದರ ಬಗ್ಗೆ ಬೇಕಾದಷ್ಟು ಬರಹಗಳು ಬಂದಿವೆ. ಈ ಸಲ ನಾವು ಕೈಗೆತ್ತಿಕೊಂಡಿರುವುದು ಯಾರೂ ಸಾಹಿತ್ಯವೆಂದು ಕರೆಯದ, ಆದರೆ ನಮ್ಮೆಲ್ಲರ ಮನೆಯ ವಿಷಯವನ್ನೇ ಹೇಳುವ ಒಂದು ಬಗೆಯ ಬರಹವನ್ನು. ಅಮೆರಿಕದ ದೊಡ್ಡ ಅಂತರ್ಜಾಲ ಕಂಪನಿಗಳು ಆಗಾಗ ಹೊರತರುವ 'ಪಾರದರ್ಶಕತೆ ವರದಿ' ಅದು. ಸರಕಾರ ತಮ್ಮ ಗ್ರಾಹಕರ ಬಗ್ಗೆ ಎಷ್ಟು ಸಲ ಮಾಹಿತಿ ಕೇಳಿತು, ತಾವು ಎಷ್ಟು ಸಲ ಕೊಟ್ಟೆವು ಎಂಬ ಲೆಕ್ಕ ಅದರಲ್ಲಿರುತ್ತದೆ. 2010ರಲ್ಲಿ ಗೂಗಲ್ ಈ ಪದ್ಧತಿಯನ್ನು ಆರಂಭಿಸಿತು. 2012ರಲ್ಲಿ ಟ್ವಿಟರ್, 2013ರಲ್ಲಿ ಮೈಕ್ರೋಸಾಫ್ಟ್ ಅದೇ ದಾರಿ ಹಿಡಿದವು.

ನಾವು ವೃತ್ತಿಯಿಂದ ವೈದ್ಯರು. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿ ರೆಸಿಡೆನ್ಸಿ ಮಾಡಿ, ಕಾಲು ಶತಮಾನದಿಂದ ರೋಗಿಗಳ ಗುಟ್ಟುಗಳನ್ನು ಕಾಯುತ್ತಾ ಬಂದವರು. ಕಾನೂನು ನಮ್ಮ ಕ್ಷೇತ್ರವಲ್ಲ. ಆದರೆ ಒಂದು ಗುಟ್ಟು ಯಾರನ್ನು ಕಾಪಾಡುತ್ತಿದೆ ಎಂಬ ಪ್ರಶ್ನೆ ನಮಗೆ ದಿನನಿತ್ಯದ್ದು. ಆ ಪ್ರಶ್ನೆಯನ್ನೇ ಇಟ್ಟುಕೊಂಡು ಈ ವರದಿಗಳನ್ನು ಓದಿದ್ದೇವೆ.

ವರದಿಯ ರೂಪ

ನೋಡುವುದಕ್ಕೆ ವರದಿ ಚೆನ್ನಾಗಿಯೇ ಇರುತ್ತದೆ. ಮೊದಲಿಗೆ ಗ್ರಾಹಕರ ವಿಶ್ವಾಸದ ಬಗ್ಗೆ ನಾಲ್ಕು ಒಳ್ಳೆಯ ಮಾತು, ಆಮೇಲೆ ಪಟ್ಟಿಗಳು. ಸಾಮಾನ್ಯ ಪೊಲೀಸ್ ಕೋರಿಕೆಗಳ ಸಾಲಿನಲ್ಲಿ ಅಂಕಿಗಳು ಬಿಡಿಬಿಡಿಯಾಗಿ, ಕೊನೆಯ ಒಂದರವರೆಗೆ ನಿಖರವಾಗಿರುತ್ತವೆ. ಕಣ್ಣು ಹಾಗೇ ಕೆಳಗಿಳಿದು 'ರಾಷ್ಟ್ರೀಯ ಭದ್ರತೆ' ಎಂಬ ಸಾಲಿಗೆ ಬಂದಾಗ ಅಂಕಿಯ ಜಾಗದಲ್ಲಿ '0–499' ಎಂದಿರುತ್ತದೆ, ಕೆಲವರಲ್ಲಿ '0–249'. ಒಂದೂ ಬಂದಿಲ್ಲವೋ, ಹತ್ತು ಬಂದಿವೆಯೋ, ನಾನೂರು ಬಂದಿವೆಯೋ ಓದುಗನಿಗೆ ತಿಳಿಯುವುದಿಲ್ಲ. ತಿಳಿಯಬಾರದು ಎಂದೇ ಹಾಗೆ ಬರೆಯಲಾಗಿದೆ. ಇಡೀ ಬರಹದಲ್ಲಿ ಓದುಗನಿಗೆ ಬೇಕಾದ ಒಂದೇ ವಾಕ್ಯ ಯಾವುದೋ ಅದನ್ನು ಬರೆದವರಿಗೇ ಬರೆಯುವ ಹಕ್ಕಿಲ್ಲ. ಇಂಥ ಬರಹಕ್ಕೆ 'ಪಾರದರ್ಶಕತೆ' ಎಂಬ ಹೆಸರು ಸಲ್ಲುತ್ತದೆಯೇ ಎಂಬುದೇ ನಮ್ಮ ವಿಮರ್ಶೆಯ ವಿಷಯ.

ಈ ಸಾಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ಆದೇಶಗಳು ಸೇರುತ್ತವೆ. ಒಂದು, 'ನ್ಯಾಷನಲ್ ಸೆಕ್ಯುರಿಟಿ ಲೆಟರ್' ಎಂಬ ಪತ್ರ. ಇದಕ್ಕೆ ನ್ಯಾಯಾಧೀಶರ ಸಹಿ ಬೇಕಿಲ್ಲ, ಎಫ್.ಬಿ.ಐ.ನ ಅಧಿಕಾರಿಯೇ ಕಳಿಸಬಹುದು. ಕೇಳುವುದು ಪತ್ರದ ಒಳಗಿನ ಮಾತನ್ನಲ್ಲ, ಯಾರು ಯಾರೊಡನೆ ಯಾವಾಗ ಸಂಪರ್ಕಿಸಿದರು ಎಂಬಂಥ ದಾಖಲೆಗಳನ್ನು. 2001ರ ಪೇಟ್ರಿಯಟ್ ಕಾಯಿದೆಯ ನಂತರ ಇವುಗಳ ಬಳಕೆ ಬಹಳ ಹೆಚ್ಚಿತು. 2003ರಿಂದ 2005ರವರೆಗಿನ ಮೂರೇ ವರ್ಷಗಳಲ್ಲಿ ಎಫ್.ಬಿ.ಐ. ಇಂಥ 1,43,074 ಕೋರಿಕೆಗಳನ್ನು ಕಳಿಸಿತ್ತೆಂದು ನ್ಯಾಯಾಂಗ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಅವರೇ 2007ರಲ್ಲಿ ವರದಿ ಮಾಡಿದರು. ಇನ್ನೊಂದು, ಮುಚ್ಚಿದ ಬಾಗಿಲ ಹಿಂದೆ ಕಲಾಪ ನಡೆಸುವ 'ಫೀಸಾ' ನ್ಯಾಯಾಲಯದ ಮೇಲ್ವಿಚಾರಣೆಗೆ ಸೇರಿದ ಆದೇಶಗಳು. ಎರಡರ ಜೊತೆಗೂ ಸಾಮಾನ್ಯವಾಗಿ ಒಂದು ಬಾಲವಿರುತ್ತದೆ: ಈ ಆದೇಶ ಬಂದಿದೆಯೆಂದು ಯಾರಿಗೂ ಹೇಳಕೂಡದು.

ಒಂದು ಮೊಕದ್ದಮೆಯ ಕಥೆ

2013ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡನ್ ಹೊರಗೆಡಹಿದ ಕಾಗದಗಳು ಪತ್ರಿಕೆಗಳಲ್ಲಿ ಬಂದದ್ದು ನಮ್ಮ ಓದುಗರಿಗೆ ನೆನಪಿರಬಹುದು. 'ಪ್ರಿಸಂ' ಎಂಬ ಕಾರ್ಯಕ್ರಮದ ಪಟ್ಟಿಯಲ್ಲಿ ಮೈಕ್ರೋಸಾಫ್ಟ್, ಯಾಹೂ, ಗೂಗಲ್, ಫೇಸ್‌ಬುಕ್, ಆ್ಯಪಲ್ ಸೇರಿ ಒಂಬತ್ತು ಹೆಸರುಗಳಿದ್ದವು. ಜನ ಕಂಪನಿಗಳನ್ನು ಕೇಳತೊಡಗಿದರು: ನೀವು ನಮ್ಮ ಪತ್ರಗಳನ್ನು ಎಷ್ಟರಮಟ್ಟಿಗೆ ಒಪ್ಪಿಸಿದ್ದೀರಿ? ಕಂಪನಿಗಳಿಗೆ ಉತ್ತರ ಗೊತ್ತಿತ್ತು, ಹೇಳುವಂತಿರಲಿಲ್ಲ. ಗೂಗಲ್, ಮೈಕ್ರೋಸಾಫ್ಟ್, ಯಾಹೂ, ಫೇಸ್‌ಬುಕ್, ಲಿಂಕ್ಡ್‌ಇನ್ ಐದೂ ಫೀಸಾ ನ್ಯಾಯಾಲಯಕ್ಕೆ ಹೋದವು. 2014ರ ಜನವರಿ 27ರಂದು ರಾಜಿಯಾಯಿತು. ಒಂದೊಂದು ಬಗೆಯ ಆದೇಶವನ್ನೂ ಬೇರೆ ಬೇರೆ ತೋರಿಸುವುದಾದರೆ ಸಾವಿರದ ಗುಂಪಿನಲ್ಲಿ, ಅಂದರೆ 0–999 ಎಂದು. ಎಲ್ಲವನ್ನೂ ಒಟ್ಟು ಕೂಡಿಸುವುದಾದರೆ 0–249 ಎಂದು ಹೇಳಬಹುದು. ಐದೂ ಕಂಪನಿಗಳು ಒಪ್ಪಿ ಮೊಕದ್ದಮೆ ಹಿಂತೆಗೆದುಕೊಂಡವು.

ಒಪ್ಪದೇ ಉಳಿದದ್ದು ಟ್ವಿಟರ್. ಅದು 2014ರ ಏಪ್ರಿಲ್‌ನಲ್ಲಿ ತನ್ನ ವರದಿಯ ಕರಡನ್ನು ಎಫ್.ಬಿ.ಐ.ಗೆ ಕಳಿಸಿ, ಇದನ್ನು ಪ್ರಕಟಿಸಬಹುದೇ ಎಂದು ಕೇಳಿತು. ಕರಡು ಹೇಳುತ್ತಿದ್ದದ್ದು 2013ರ ಜುಲೈನಿಂದ ಡಿಸೆಂಬರ್‌ವರೆಗಿನ ಆರು ತಿಂಗಳ ಲೆಕ್ಕವನ್ನು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಟ್ವಿಟರ್ ಕೇಳಿದ್ದು ಇಷ್ಟೇ: ಬಿಡಿ ಅಂಕಿ ಹೇಳಬೇಕು, ಇಲ್ಲವೇ ಇನ್ನೂ ಚಿಕ್ಕ ಗುಂಪಿನಲ್ಲಿ ಹೇಳಬೇಕು, ಯಾವುದಾದರೂ ಒಂದು ಬಗೆಯ ಆದೇಶ ಬಂದೇ ಇಲ್ಲವಾದರೆ 'ಸೊನ್ನೆ' ಎನ್ನಬೇಕು. ಸೆಪ್ಟೆಂಬರ್‌ನಲ್ಲಿ ಉತ್ತರ ಬಂತು: ಇದು ಗೋಪ್ಯ ಮಾಹಿತಿ, ಆಗದು. ಅಕ್ಟೋಬರ್ 7ರಂದು ಟ್ವಿಟರ್ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮ ಮಾತನ್ನು ನಾವು ಆಡುವ ಹಕ್ಕು ಸಂವಿಧಾನದ ಮೊದಲನೆಯ ತಿದ್ದುಪಡಿಯಲ್ಲಿದೆ ಎಂಬುದು ಅದರ ವಾದ.

2015ರ ಜೂನ್‌ನಲ್ಲಿ ಕಾಂಗ್ರೆಸ್ಸು 'ಯು.ಎಸ್.ಎ. ಫ್ರೀಡಂ ಆ್ಯಕ್ಟ್' ಎಂಬ ಕಾಯಿದೆ ಮಾಡಿ ಈ ಗುಂಪುಗಳಿಗೆ ಶಾಸನದ ಮುದ್ರೆ ಒತ್ತಿತು. ವರ್ಷಕ್ಕೊಮ್ಮೆ ಎಲ್ಲವನ್ನೂ ಕೂಡಿಸಿ ಹೇಳುವುದಾದರೆ ನೂರರ ಗುಂಪೂ ಆದೀತು ಎಂದಿತು. 2017ರಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರೋಜರ್ಸ್ ಅವರು ಸರಕಾರ ತನ್ನ ವಾದಕ್ಕೆ ಸಾಕಷ್ಟು ಕಾರಣ ಕೊಟ್ಟಿಲ್ಲವೆಂದರು. 2020ರ ಏಪ್ರಿಲ್‌ನಲ್ಲಿ, ಸರಕಾರ ಗುಟ್ಟಾಗಿ ಸಲ್ಲಿಸಿದ ಕಾಗದಗಳನ್ನು ಓದಿದ ಮೇಲೆ, ಅದೇ ನ್ಯಾಯಾಧೀಶೆ ಸರಕಾರದ ಪರ ತೀರ್ಪಿತ್ತರು. ಆ ಕಾಗದಗಳನ್ನು ಟ್ವಿಟರ್‌ನ ವಕೀಲರಿಗೆ ತೋರಿಸಲಿಲ್ಲ. 2023ರ ಮಾರ್ಚ್ 6ರಂದು ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2024ರ ಜನವರಿ 8ರಂದು ಸುಪ್ರೀಂ ಕೋರ್ಟು, ಮೊಕದ್ದಮೆಯನ್ನು ಕೇಳುವುದಿಲ್ಲ ಎಂದು ಒಂದು ಮಾತಿನ ವಿವರಣೆಯೂ ಇಲ್ಲದೆ ಬಾಗಿಲು ಹಾಕಿತು. ಅಷ್ಟರಲ್ಲಿ ಕಂಪನಿಯ ಹೆಸರೇ 'ಎಕ್ಸ್' ಎಂದು ಬದಲಾಗಿತ್ತು. ಆದರೆ 2013ರ ಆ ಆರು ತಿಂಗಳ ಅಂಕಿ ಮಾತ್ರ ಹತ್ತು ವರ್ಷ ಕಳೆದರೂ ಗುಟ್ಟಾಗಿಯೇ ಉಳಿಯಿತು.

ಹೆಸರು ಬೇರೆ, ಲೆಕ್ಕ ಬೇರೆ

ಸರಕಾರದ ವಾದವನ್ನು ತಳ್ಳಿಹಾಕುವ ಮೊದಲು ಸರಿಯಾಗಿ ಕೇಳಬೇಕು. ಅದು ಹೇಳುವುದಿಷ್ಟು: ಒಂದು ಕಂಪನಿಯ ಅಂಕಿ ಕಳೆದ ಬಾರಿ ಸೊನ್ನೆಯಿದ್ದು ಈ ಬಾರಿ ಐದಾದರೆ, ಅಲ್ಲಿ ಅಡಗಿಕೊಂಡ ಶತ್ರುವಿಗೆ ಎಚ್ಚರಿಕೆ ಸಿಕ್ಕಂತಾಗುತ್ತದೆ, ಅಂಕಿ ಸೊನ್ನೆಯಾಗಿಯೇ ಇದ್ದರೆ 'ಇಲ್ಲಿ ಸುರಕ್ಷಿತ' ಎಂದು ಅವನಿಗೆ ನಾವೇ ಹೇಳಿಕೊಟ್ಟಂತೆ. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಸಂಶಯಿತನಿಗೆ ಮೊದಲೇ ತಿಳಿದರೆ ತನಿಖೆಯೇ ಕೆಡುತ್ತದೆ. ಯಾರ ಮೇಲೆ ಕಣ್ಣಿಟ್ಟಿದ್ದೇವೆ ಎಂಬುದನ್ನು ಪೊಲೀಸರು ಡಂಗುರ ಸಾರಬೇಕೆಂದು ಯಾರೂ ಕೇಳುತ್ತಿಲ್ಲ.

ಆದರೆ ಹೆಸರನ್ನು ಮುಚ್ಚಿಡುವುದು ಬೇರೆ, ಲೆಕ್ಕವನ್ನು ಮುಚ್ಚಿಡುವುದು ಬೇರೆ. ನಮ್ಮ ವೃತ್ತಿಯ ಉದಾಹರಣೆ ಕೊಡುತ್ತೇವೆ. ಕ್ಷಯರೋಗ ಕಂಡುಬಂದರೆ ಆರೋಗ್ಯ ಇಲಾಖೆಗೆ ವೈದ್ಯರು ತಿಳಿಸಲೇಬೇಕು. ರೋಗಿಯ ಹೆಸರು ಪಕ್ಕದ ಮನೆಯವರಿಗೂ ಗೊತ್ತಾಗಕೂಡದು. ವರ್ಷಕ್ಕೆ ಎಷ್ಟು ಜನರಿಗೆ ರೋಗ ಬಂತೆಂಬುದು ಊರಿಗೆಲ್ಲ ಗೊತ್ತಾಗಬೇಕು. ಹೆಸರನ್ನು ಮುಚ್ಚಿಟ್ಟರೆ ರೋಗಿಗೆ ರಕ್ಷಣೆ. ಲೆಕ್ಕವನ್ನು ಮುಚ್ಚಿಟ್ಟರೆ ರಕ್ಷಣೆ ಸಿಗುವುದು ಕೆಲಸ ಸರಿಯಾಗಿ ಮಾಡದ ಇಲಾಖೆಗೆ.

ಚಿಕ್ಕ ಊರಿನಲ್ಲಿ ಅಂಕಿಯೇ ಹೆಸರನ್ನು ಬಯಲು ಮಾಡಬಹುದಲ್ಲ ಎಂದು ಕೇಳಬಹುದು. ನಿಜ. ಅದಕ್ಕೆ ಮದ್ದನ್ನು ಇದೇ ಸರಕಾರ ಎಂದೋ ಕಂಡುಹಿಡಿದಿದೆ. ಮೆಡಿಕೇರ್ ಅಂಕಿಅಂಶಗಳನ್ನು ಬಳಸಿ ಸಂಶೋಧನೆ ಮಾಡುವವರಿಗೆ ಒಂದು ನಿಯಮವಿದೆ: ಪಟ್ಟಿಯ ಯಾವುದೇ ಮನೆಯಲ್ಲಿ 1ರಿಂದ 10ರವರೆಗಿನ ಸಂಖ್ಯೆ ಬಂದರೆ ಅದನ್ನು ಅಚ್ಚು ಹಾಕಕೂಡದು. 11 ಬಂದರೆ 11 ಎಂದೇ ಹೇಳಬಹುದು. ಸೊನ್ನೆ ಬಂದರೂ ಹೇಳಬಹುದು, ಏಕೆಂದರೆ ಸೊನ್ನೆಯ ಹಿಂದೆ ಅಡಗಿರುವ ರೋಗಿಯೇ ಇಲ್ಲ. ಕೋಟ್ಯಂತರ ವೃದ್ಧರ ಗುಟ್ಟು ಕಾಯಲು ಹತ್ತರ ಮುಸುಕು ಸಾಕಾಗುವಾಗ, ಇಲ್ಲಿ ಇನ್ನೂರೈವತ್ತರ, ಸಾವಿರದ ಕಂಬಳಿ ಏಕೆ?

ಶತ್ರುವಿಗೆ ಎಚ್ಚರವಾಗುತ್ತದೆ ಎಂಬ ಭಯಕ್ಕೂ ಮದ್ದಿದೆ. ಅಂಕಿಯನ್ನು ತಡವಾಗಿ ಹೇಳಿದರಾಯಿತು, ಎರಡು ವರ್ಷ, ಬೇಕಾದರೆ ಮೂರು ವರ್ಷ ಬಿಟ್ಟು. ಸರಕಾರ ಇಡೀ ದೇಶದ ಒಟ್ಟು ಲೆಕ್ಕವನ್ನು ತಾನೇ ಪ್ರತಿವರ್ಷ ಪ್ರಕಟಿಸಿಕೊಂಡು ಬಂದಿದೆ. ವಿದೇಶದಲ್ಲಿರುವ ವಿದೇಶಿಯರ ಮೇಲೆ ಕಣ್ಣಿಡುವ 702ನೆಯ ವಿಧಿಯಡಿ 2013ರಲ್ಲಿ 89,138 ಮಂದಿ, 2023ರಲ್ಲಿ 2,68,590 ಮಂದಿ ಎಂದು ಅಂದಾಜನ್ನು ಒಂದೊಂದರವರೆಗೂ ಕೊಟ್ಟಿದೆ. ಇದರಿಂದ ಭದ್ರತೆ ಕುಸಿದುಬೀಳಲಿಲ್ಲ. ಒಟ್ಟು ಲೆಕ್ಕ ಬೇರೆ, ಒಂದೊಂದು ಕಂಪನಿಯ ಲೆಕ್ಕ ಬೇರೆ ಎಂದು ಸರಕಾರ ಉತ್ತರಿಸುತ್ತದೆ. ಒಪ್ಪೋಣ. ಆದರೆ ಹತ್ತು ವರ್ಷ ಹಳಸಿದ ಅಂಕಿಯಿಂದ ಯಾವ ಶತ್ರು ಇಂದು ದಾರಿ ಕಂಡುಕೊಳ್ಳುತ್ತಾನೆ? ಆ ಪ್ರಶ್ನೆಗೆ ಉತ್ತರ ಯಾವ ಕಾಗದದಲ್ಲಿದೆಯೋ, ಆ ಕಾಗದವನ್ನು ಎದುರಾಳಿ ವಕೀಲರೂ ಓದುವಂತಿರಲಿಲ್ಲ.

ಬಾಯಿ ಕಟ್ಟಿಸಿಕೊಂಡವರು

ಇದೆಲ್ಲ ದೊಡ್ಡ ಕಂಪನಿಗಳ ಜಗಳ, ನಮಗೇಕೆ ಎನ್ನಬೇಡಿ. ಬಾಯಿ ಕಟ್ಟಿಸಿಕೊಂಡವರಲ್ಲಿ ಲೈಬ್ರರಿ ನಡೆಸುವವರೂ ಇದ್ದರು. 2005ರ ಜುಲೈನಲ್ಲಿ ಕನೆಕ್ಟಿಕಟ್ ರಾಜ್ಯದ ಗ್ರಂಥಾಲಯಗಳ ಒಂದು ಒಕ್ಕೂಟಕ್ಕೆ ಇಂಥ ಪತ್ರ ಬಂತು. ಯಾವುದೋ ಒಂದು ದಿನ ಮುಕ್ಕಾಲು ಗಂಟೆ ಹೊತ್ತು ಒಂದು ಲೈಬ್ರರಿ ಕಂಪ್ಯೂಟರನ್ನು ಬಳಸಿದವರು ಯಾರು ಎಂದು ಎಫ್.ಬಿ.ಐ.ಗೆ ಬೇಕಿತ್ತು. ಜಾರ್ಜ್ ಕ್ರಿಶ್ಚಿಯನ್, ಬಾರ್ಬರಾ ಬೇಲಿ, ಪೀಟರ್ ಚೇಸ್, ಜಾನೆಟ್ ನೋಸೆಕ್ ಎಂಬ ನಾಲ್ವರು ಗ್ರಂಥಪಾಲಕರು ಕೊಡುವುದಿಲ್ಲವೆಂದು 'ಜಾನ್ ಡೋ' ಎಂಬ ಸುಳ್ಳು ಹೆಸರಿನಲ್ಲಿ ನ್ಯಾಯಾಲಯಕ್ಕೆ ಹೋದರು. ಗುರುತು ಸಿಗಬಾರದೆಂದು ತಮ್ಮದೇ ಮೊಕದ್ದಮೆಯ ವಿಚಾರಣೆಗೆ ಅವರು ಹೋಗುವಂತಿರಲಿಲ್ಲ. ವಿಚಾರಣೆ ಬ್ರಿಜ್‌ಪೋರ್ಟಿನಲ್ಲಿ ನಡೆದರೆ, ಅವರು ಹಾರ್ಟ್‌ಫರ್ಡಿನ ನ್ಯಾಯಾಲಯದ ಒಂದು ಕೋಣೆಯಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡಬೇಕಾಯಿತು.

ಅದೇ ತಿಂಗಳುಗಳಲ್ಲಿ ವಾಷಿಂಗ್ಟನ್ನಿನಲ್ಲಿ ಪೇಟ್ರಿಯಟ್ ಕಾಯಿದೆಯನ್ನು ಮುಂದುವರಿಸಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತಿತ್ತು. ಈ ಕಾಯಿದೆಯಿಂದ ಲೈಬ್ರರಿಗಳಿಗೆ ತೊಂದರೆಯಿದೆಯೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆಗಳಲ್ಲೊಂದು. 'ಇದೆ, ನಮಗೇ ಪತ್ರ ಬಂದಿದೆ' ಎಂದು ಎದ್ದು ನಿಂತು ಹೇಳಬಲ್ಲವರ ಬಾಯಿಗೆ ಬೀಗ ಬಿದ್ದಿತ್ತು. 2006ರ ಮಾರ್ಚ್ 9ರಂದು ಕಾಯಿದೆಗೆ ಮತ್ತೆ ಸಹಿ ಬಿತ್ತು. ಏಪ್ರಿಲ್‌ನಲ್ಲಿ ಸರಕಾರ, ಇನ್ನು ನೀವು ಮಾತಾಡಬಹುದು ಎಂದಿತು. ಸ್ವಲ್ಪ ಕಾಲದಲ್ಲಿ ಆ ಮಾಹಿತಿಯೂ ಬೇಡವೆಂದು ಕೈಬಿಟ್ಟಿತು. ಮದುವೆ ಮುಗಿದ ಮೇಲೆ ಹೆಣ್ಣು ಒಪ್ಪಿಗೆಯೇ ಎಂದು ಕೇಳಿದ ಹಾಗೆ. ವಾಕ್ ಸ್ವಾತಂತ್ರ್ಯವೆಂದರೆ ಎಂದಾದರೊಮ್ಮೆ ಮಾತಾಡುವ ಹಕ್ಕಲ್ಲ, ಮಾತಿಗೆ ಬೆಲೆಯಿರುವ ಹೊತ್ತಿನಲ್ಲಿ ಆಡುವ ಹಕ್ಕು.

ನ್ಯೂಯಾರ್ಕಿನಲ್ಲಿ ಒಂದು ಚಿಕ್ಕ ಅಂತರ್ಜಾಲ ಸಂಸ್ಥೆ ನಡೆಸುತ್ತಿದ್ದ ನಿಕೊಲಸ್ ಮೆರಿಲ್ ಅವರಿಗೆ 2004ರಲ್ಲಿ ಪತ್ರ ಬಂತು. ಪತ್ರ ಬಂದದ್ದು ತನಗೆ ಎಂದು ಹೇಳಿಕೊಳ್ಳಲು ಅವರಿಗೆ 2010ರವರೆಗೆ ಬಿಡಲಿಲ್ಲ. ಅದರಲ್ಲಿ ಏನನ್ನು ಕೇಳಿದ್ದರು ಎಂಬುದನ್ನು ಪೂರ್ತಿ ಹೇಳಲು 2015ರ ನವೆಂಬರ್ ಬರಬೇಕಾಯಿತು. ಕೇಳಿದ್ದವೋ: ಒಬ್ಬ ಮನುಷ್ಯ ನೋಡಿದ ಜಾಲತಾಣಗಳ ಚರಿತ್ರೆ, ಆನ್‌ಲೈನಿನಲ್ಲಿ ಕೊಂಡ ವಸ್ತುಗಳು, ಪತ್ರ ವ್ಯವಹಾರ ಮಾಡಿದವರ ಐ.ಪಿ. ವಿಳಾಸಗಳು. ನ್ಯಾಯಾಧೀಶರ ಸಹಿಯಿಲ್ಲದ ಒಂದು ಕಾಗದದಿಂದ ಇಷ್ಟೆಲ್ಲ ಕೇಳುತ್ತಾರೆಂದು ದೇಶಕ್ಕೆ ತಿಳಿಯಲು ಹನ್ನೊಂದು ವರ್ಷ ಹಿಡಿಯಿತು.

ಯಾಹೂ ಕಂಪನಿಯ ಪಾಡು ಇನ್ನೊಂದು ಬಗೆಯದು. 2007–08ರಲ್ಲಿ ಅದು ಗುಪ್ತ ನ್ಯಾಯಾಲಯದಲ್ಲಿ ಸರಕಾರದ ವಿರುದ್ಧ ಹೋರಾಡಿತು. ಒಪ್ಪದಿದ್ದರೆ ದಿನಕ್ಕೆ 2,50,000 ಡಾಲರ್ ದಂಡ ಎಂದು ಸರಕಾರ ಬೆದರಿಸಿತು. 2008ರ ಆಗಸ್ಟ್‌ನಲ್ಲಿ ಯಾಹೂ ಸೋತಿತು. 2009ರಲ್ಲಿ ಆ ತೀರ್ಪನ್ನು ಪ್ರಕಟಿಸಿದಾಗ ಕಂಪನಿಯ ಹೆಸರನ್ನು ಅಳಿಸಲಾಗಿತ್ತು. 2013ರಲ್ಲಿ ಪ್ರಿಸಂ ಪಟ್ಟಿ ಹೊರಬಿದ್ದಾಗ ಜನ ಯಾಹೂವನ್ನೂ ಶಪಿಸಿದರು. ಹೋರಾಡಿ ಸೋತವನಿಗೆ 'ನಾನು ಹೋರಾಡಿದೆ' ಎನ್ನುವ ಅಧಿಕಾರವೂ ಇರಲಿಲ್ಲ. ಆ ದಾಖಲೆಗಳಲ್ಲಿ ಸುಮಾರು 1,500 ಪುಟಗಳು ಬೆಳಕು ಕಂಡದ್ದು 2014ರ ಸೆಪ್ಟೆಂಬರ್‌ನಲ್ಲಿ.

ಸದ್ದಿಲ್ಲದ ಎದೆ

ಹೀಗೆ ಕಟ್ಟಿದ ಬಾಯಿಗಳು ಒಂದು ವಿಚಿತ್ರ ಭಾಷೆಯನ್ನು ಕಂಡುಕೊಂಡವು. ಆದೇಶವೇ ಬಾರದವನನ್ನು ಕಟ್ಟಿಹಾಕುವ ಹಗ್ಗವಿಲ್ಲ. ಹಾಗಾಗಿ 'ನಮಗೆ ಇಂಥ ಆದೇಶ ಇದುವರೆಗೆ ಬಂದಿಲ್ಲ' ಎಂದು ವರದಿಯಲ್ಲಿ ಒಂದು ವಾಕ್ಯ ಹಾಕುವುದು. ಮುಂದೊಂದು ದಿನ ಆ ವಾಕ್ಯ ಮಾಯವಾದರೆ ಓದುಗ ಅರ್ಥಮಾಡಿಕೊಳ್ಳಬೇಕು. ಗಣಿಯೊಳಗೆ ವಿಷವಾಯು ಇದೆಯೇ ಎಂದು ತಿಳಿಯಲು ಕೆಲಸಗಾರರು ಒಯ್ಯುತ್ತಿದ್ದ ಕ್ಯಾನರಿ ಹಕ್ಕಿಯ ಹೆಸರನ್ನೇ ಈ ವಾಕ್ಯಕ್ಕೂ ಇಟ್ಟಿದ್ದಾರೆ. 2013ರ ನವೆಂಬರ್‌ನ ಆ್ಯಪಲ್ ವರದಿಯಲ್ಲಿ ಪೇಟ್ರಿಯಟ್ ಕಾಯಿದೆಯ 215ನೆಯ ವಿಧಿಯ ಬಗ್ಗೆ ಇಂಥ ವಾಕ್ಯವಿತ್ತು, ಮುಂದಿನ ವರದಿಗಳಲ್ಲಿ ಕಾಣಲಿಲ್ಲ. ರೆಡ್ಡಿಟ್ ಕಂಪನಿಯ 2015ರ ವರದಿಯಿಂದಲೂ ಹೀಗೆಯೇ ಒಂದು ವಾಕ್ಯ ಹಾರಿಹೋಯಿತು. ಏಕೆಂದು ಅವರು ಹೇಳಲಿಲ್ಲ, ನಾವೂ ಊಹಿಸಿ ಹೇಳಲಾರೆವು.

ಉಬ್ಬಸ ಜೋರಾಗಿರುವ ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಸುಯ್ಯೆಂಬ ಸದ್ದು ಕೇಳುತ್ತದೆ. ಆ ಸದ್ದು ಇದ್ದಕ್ಕಿದ್ದಂತೆ ನಿಂತರೆ ಹೊಸ ವೈದ್ಯ ಗುಣವಾಯಿತೆಂದುಕೊಳ್ಳುತ್ತಾನೆ. ಅನುಭವಸ್ಥ ಗಾಬರಿಯಾಗುತ್ತಾನೆ, ಏಕೆಂದರೆ ಗಾಳಿಯೇ ಆಡುತ್ತಿಲ್ಲ. ಈ ವರದಿಗಳನ್ನೂ ಹಾಗೆ ಓದಬೇಕಾಗಿ ಬಂದಿದೆ. ಪ್ರಜಾಪ್ರಭುತ್ವದಲ್ಲಿ ನಾಗರಿಕ ತನ್ನ ಸರಕಾರದ ನಡೆಯನ್ನು ಮಾಯವಾದ ವಾಕ್ಯಗಳಿಂದ ಊಹಿಸಿಕೊಳ್ಳಬೇಕೆನ್ನುವುದು ಆರೋಗ್ಯದ ಲಕ್ಷಣವಲ್ಲ.

ಗುಟ್ಟಿಗೊಂದು ಗಡುವು

ಬಾಯಿ ಮುಚ್ಚಿಸುವ ಆದೇಶವೇ ಕೂಡದು ಎನ್ನುವವರ ಸಾಲಿನಲ್ಲಿ ನಾವಿಲ್ಲ. ನಮ್ಮ ವೃತ್ತಿಯಲ್ಲೂ ಅದುಂಟು. ತನ್ನ ವೈದ್ಯಕೀಯ ಮಾಹಿತಿಯನ್ನು ಯಾರು ಯಾರಿಗೆ ಕೊಟ್ಟಿರಿ ಎಂದು ರೋಗಿ ಕೇಳಬಹುದು. ಕೆಲವು ಸಂದರ್ಭ ಬಿಟ್ಟರೆ ನಾವು ಪಟ್ಟಿ ಕೊಡಬೇಕು. ಪೊಲೀಸರಿಗೆ ಕೊಟ್ಟದ್ದಿದ್ದು, ತಿಳಿಸಿದರೆ ತನಿಖೆಗೆ ಅಡ್ಡಿಯಾಗುತ್ತದೆಂದು ಅವರು ಹೇಳಿದರೆ, ಸದ್ಯಕ್ಕೆ ಮುಚ್ಚಿಡಬಹುದು. ಆದರೆ ಎಷ್ಟು ಕಾಲ ಎಂದು ಅವರು ಬರೆದು ಕೊಡಬೇಕು. ಬಾಯಿಮಾತಿನಲ್ಲಿ ಹೇಳಿದರೆ 30 ದಿನ ಮಾತ್ರ. 'ಹಿಪಾ' ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಗುಟ್ಟಿಗೊಂದು ಗಡುವು ಇಟ್ಟರೆ ತನಿಖೆಯೂ ನಡೆಯುತ್ತದೆ, ರೋಗಿಯ ಹಕ್ಕೂ ಉಳಿಯುತ್ತದೆ.

ಗಡುವಿಲ್ಲದ ಗುಟ್ಟಿನ ಅಳತೆ ಗೊತ್ತಾದದ್ದು ಮೈಕ್ರೋಸಾಫ್ಟ್ 2016ರ ಏಪ್ರಿಲ್‌ನಲ್ಲಿ ಸಿಯಾಟಲ್‌ನಲ್ಲಿ ಹೂಡಿದ ದಾವೆಯಿಂದ. ಮಣಿಪಾಲದಲ್ಲಿ ಓದಿದ ಸತ್ಯ ನಾಡೆಲ್ಲ ಅವರು ಆಗ ಕಂಪನಿಯ ಮುಖ್ಯಸ್ಥರು. ಹದಿನೆಂಟು ತಿಂಗಳಲ್ಲಿ ಇಂಥ 2,576 ಕೋರಿಕೆಗಳು ಬಾಯಿಕಟ್ಟಿನೊಡನೆ ಬಂದಿದ್ದವು. ಅವುಗಳಲ್ಲಿ 1,752ಕ್ಕೆ ಕೊನೆಯ ದಿನವೇ ಇರಲಿಲ್ಲ. ಇವು ಬೇಹುಗಾರಿಕೆಯವಲ್ಲ, ಸಾಮಾನ್ಯ ಕ್ರಿಮಿನಲ್ ತನಿಖೆಯವು. 2017ರ ಅಕ್ಟೋಬರ್‌ನಲ್ಲಿ ನ್ಯಾಯಾಂಗ ಇಲಾಖೆ, ಇನ್ನು ಮುಂದೆ ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದ ಗುಟ್ಟು ಕೇಳಬಾರದೆಂದು ತನ್ನ ವಕೀಲರಿಗೆ ಸೂಚಿಸಿತು. ಎಫ್.ಬಿ.ಐ. ಪತ್ರಗಳಿಗೂ 2015ರ ಕಾಯಿದೆಯ ನಂತರ ತನಿಖೆ ಆರಂಭವಾಗಿ ಮೂರು ವರ್ಷವಾದಾಗ ಮತ್ತು ತನಿಖೆ ಮುಗಿದಾಗ ಮರುಪರಿಶೀಲನೆಯ ಪದ್ಧತಿ ಬಂತು. 2016ರಲ್ಲಿ ಯಾಹೂ ಮೂರು, ಗೂಗಲ್ ಎಂಟು ಹಳೆಯ ಪತ್ರಗಳನ್ನು ಜನರ ಮುಂದಿಟ್ಟವು. ಆಕಾಶವೇನೂ ಕಳಚಿಬೀಳಲಿಲ್ಲ. ಕೇಳಿದವರಿಗೆ ಸಿಕ್ಕಿತು ಎಂಬುದನ್ನು ಗಮನಿಸಬೇಕು.

ಕಂಪನಿಗಳ ಪಾಲು

ಹಾಗೆಂದು ಕಂಪನಿಗಳಿಗೆ ಹಾರ ಹಾಕಿ ಕೂರಿಸುವಂತೆಯೂ ಇಲ್ಲ. ಐದು ದೊಡ್ಡವರು 2014ರಲ್ಲಿ ಸಾವಿರದ ಗುಂಪಿಗೇ ತೃಪ್ತಿಪಟ್ಟು ಮನೆಗೆ ಹೋದರು. ಒಬ್ಬಂಟಿಯಾಗಿ ಹತ್ತು ವರ್ಷ ಹೋರಾಡಿದ ಟ್ವಿಟರ್, 2022ರ ಅಕ್ಟೋಬರ್‌ನಲ್ಲಿ ಮಾಲೀಕರು ಬದಲಾದ ಮೇಲೆ, ಹಿಂದಿನಂಥ ಪೂರ್ಣ ವರದಿಯನ್ನು 2024ರ ಸೆಪ್ಟೆಂಬರ್‌ವರೆಗೆ ಹೊರಡಿಸಲೇ ಇಲ್ಲ. ಹೇಳುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದವರು, ಹೇಳಲು ಅಡ್ಡಿಯಿಲ್ಲದ್ದನ್ನು ಹೇಳದೆ ಕುಳಿತರು.

ಇನ್ನೂ ದೊಡ್ಡ ಕೊರತೆಯೊಂದಿದೆ. ಸರಕಾರ ಏನು ಕೇಳಿತು ಎಂದು ವರದಿ ಹೇಳುತ್ತದೆ. ಕೇಳುವುದಕ್ಕೆ ಅಷ್ಟೊಂದು ಸರಕು ಕಂಪನಿಯ ಉಗ್ರಾಣದಲ್ಲಿ ಹೇಗೆ ಬಂತು ಎಂದು ಹೇಳುವುದಿಲ್ಲ. ಜಾಹೀರಾತು ಮಾರಲೆಂದು ನಮ್ಮ ಓಡಾಟ, ಹುಡುಕಾಟ, ಕೊಳ್ಳಾಟಗಳನ್ನು ಕೂಡಿಟ್ಟವರು ಅವರೇ. ಕಣಜ ತುಂಬಿದ್ದರೆ ಹೆಗ್ಗಣ ಬರುವುದು ಸಹಜ. ಹೆಗ್ಗಣದ ಲೆಕ್ಕ ಕೊಡುವವರು ಕಣಜದ ಲೆಕ್ಕವನ್ನೂ ಕೊಡಬೇಕು.

ಬೆಂಗಳೂರಿನಲ್ಲಿ

ಇದೇ ಕಂಪನಿಯ ಇನ್ನೆರಡು ಮೊಕದ್ದಮೆಗಳು ನಮ್ಮ ಬೆಂಗಳೂರಿನ ಹೈಕೋರ್ಟಿನಲ್ಲೇ ನಡೆದವು. ಅಲ್ಲಿನ ವಿಷಯ ಬೇಹುಗಾರಿಕೆಯಲ್ಲ, ಬರಹಗಳನ್ನು ತೆಗೆಸುವ ಅಧಿಕಾರ. ಮೊದಲನೆಯದರ ನಡುವೆ ಇದ್ದದ್ದು ಮಾತ್ರ ಅದೇ ಗುಟ್ಟು. ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ವಿಧಿಯಡಿ ಕೇಂದ್ರ ಸರಕಾರ ಖಾತೆಗಳನ್ನೂ ಬರಹಗಳನ್ನೂ ತಡೆಯಲು ಆದೇಶಿಸಬಹುದು. ಆ ಕೋರಿಕೆಗಳನ್ನು ಕಟ್ಟುನಿಟ್ಟಾಗಿ ಗೋಪ್ಯವಾಗಿಡಬೇಕೆಂದು 2009ರ ನಿಯಮಗಳಲ್ಲಿ 16ನೆಯದು ಹೇಳುತ್ತದೆ. 2022ರ ಜುಲೈನಲ್ಲಿ ಟ್ವಿಟರ್ ಇಂಥ ಆದೇಶಗಳನ್ನು ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿದರು. 'ಸಹಯೋಗ್' ಎಂಬ ಸರಕಾರಿ ಜಾಲತಾಣದ ಮೂಲಕ ಬರುವ ಆದೇಶಗಳ ವಿರುದ್ಧ ಎಕ್ಸ್ ಕಂಪನಿ ಹೂಡಿದ ಇನ್ನೊಂದು ಅರ್ಜಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿದರು. ಸಂವಿಧಾನದ 19ನೆಯ ವಿಧಿಯ ವಾಕ್ ಸ್ವಾತಂತ್ರ್ಯ ಭಾರತದ ಪ್ರಜೆಗಳಿಗೆ ಸೇರಿದ್ದು, ವಿದೇಶಿ ಕಂಪನಿಗಲ್ಲ ಎಂಬುದು ತೀರ್ಪಿನ ಒಂದು ಮುಖ್ಯಾಂಶ.

ನಮ್ಮ ಸಂವಿಧಾನದ ಮಾತೂ ಅದೇ, ಇರಲಿ. ಆದರೆ ಗುಟ್ಟಿನ ನಿಯಮದಿಂದ ಏನಾಯಿತೆಂದು ನೋಡಿ. ಆದೇಶ ಬಂದದ್ದು ಕಂಪನಿಗೆ. ಅದಕ್ಕೆ ಆ ಹಕ್ಕಿಲ್ಲ. ಹಕ್ಕಿರುವುದು ಬರಹ ಕಳೆದುಕೊಂಡ ಪ್ರಜೆಗೆ. ಅವನ ಕೈಗೆ ಆದೇಶ ಸಿಗುವ ಖಾತರಿಯಿಲ್ಲ. ಕಾರಣಗಳನ್ನು ಬರಹದಲ್ಲಿ ದಾಖಲಿಸುವುದರಿಂದ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂಬುದನ್ನೂ ಗಮನಿಸಿಯೇ ಸುಪ್ರೀಂ ಕೋರ್ಟು 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಈ ವಿಧಿಯನ್ನು ಉಳಿಸಿತ್ತು. ನೋಡಲಾಗದ ಕಾರಣವನ್ನು ಪ್ರಶ್ನಿಸುವುದು ಹೇಗೆ? ವಾಷಿಂಗ್ಟನ್ ಆಗಲಿ ದಿಲ್ಲಿಯಾಗಲಿ, ಗುಟ್ಟಿನ ಫಲ ಒಂದೇ: ತಿಳಿದವರಿಗೆ ಬಾಯಿಲ್ಲ, ಬಾಯಿರುವವರಿಗೆ ತಿಳಿದಿಲ್ಲ.

ನಮಗೇನು?

ಪಾಟ್‌ಲಕ್ ಊಟದ ಹೊತ್ತಿಗೆ ಈ ಮಾತೆತ್ತಿದರೆ ನಮ್ಮ ಮಿತ್ರರು ಹೇಳುವುದುಂಟು: 'ನಮ್ಮ ಹತ್ತಿರ ಮುಚ್ಚಿಡುವಂಥದ್ದು ಏನಿದೆ ಡಾಕ್ಟರೇ? ಅಮ್ಮನ ಮಂಡಿನೋವು, ಮಗಳ ಎಸ್.ಎ.ಟಿ. ಅಂಕ, ಸಾರಿನ ಪುಡಿಯ ಅಳತೆ. ಬೇಕಾದರೆ ಓದಿಕೊಳ್ಳಲಿ.' ನಗುವ ಮಾತೇ. ಆದರೆ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಬಹುಪಾಲು ಜನರಿಗೂ ಮುಚ್ಚಿಡುವಂಥ ರೋಗವಿರುವುದಿಲ್ಲ. ಹಾಗೆಂದು ಅವರ ಕಡತಗಳನ್ನು ಮೊಗಸಾಲೆಯಲ್ಲಿ ಹರಡುತ್ತೇವೆಯೇ? ಮುಚ್ಚಿಡಬೇಕಾದ ಒಬ್ಬನಿಗಾಗಿ ಎಲ್ಲರ ಕಡತಕ್ಕೂ ಬೀಗ. 215ನೆಯ ವಿಧಿಗೆ 2006ರಲ್ಲಿ ತಿದ್ದುಪಡಿ ತಂದಾಗ ಹಿರಿಯ ಅಧಿಕಾರಿಗಳ ಒಪ್ಪಿಗೆ ಬೇಕಾದ ದಾಖಲೆಗಳ ಪಟ್ಟಿಯಲ್ಲಿ ಲೈಬ್ರರಿ ಪುಸ್ತಕಗಳ ಜೊತೆಗೆ ವೈದ್ಯಕೀಯ ದಾಖಲೆಗಳೂ ಇದ್ದವು. ಆ ವಿಧಿ 2020ರ ಮಾರ್ಚ್‌ನಲ್ಲಿ ಲುಪ್ತವಾಯಿತು. ಆದರೆ ನಮ್ಮ ಕಡತಗಳೂ ಈ ಕಥೆಯ ಹೊರಗಿರಲಿಲ್ಲ ಎಂಬುದು ನೆನಪಿರಲಿ.

ಇನ್ನೊಂದು ಮಾತು ನಮ್ಮಂಥವರಿಗೇ ಸೇರಿದ್ದು. 702ನೆಯ ವಿಧಿಯ ಗುರಿಯಾಗಬಲ್ಲವರು ಅಮೆರಿಕದ ಹೊರಗಿರುವ ವಿದೇಶಿಯರು, ಅದೂ ಬೇಹುಗಾರಿಕೆಯ ಕಾರಣವಿದ್ದಾಗ. ಹಾವೇರಿಯ ಅತ್ತಿಗೆ, ಸಾಗರದ ಭಾವ, ಮೈಸೂರಿನ ಅಮ್ಮ ಎಲ್ಲರೂ ಈ ಕಾನೂನಿನ ಕಣ್ಣಿಗೆ ಹೊರಗಿನ ವಿದೇಶಿಯರೇ. ಅವರ ಮೇಲೆ ಯಾರೋ ಕಣ್ಣಿಟ್ಟಿದ್ದಾರೆಂದು ನಾವು ಹೆದರಿಸುತ್ತಿಲ್ಲ. ಆದರೆ ವಾರವಾರವೂ ಗಡಿ ದಾಟುವ ಮಾತುಕತೆ ನಮ್ಮದು. ಗಡಿ ದಾಟುವ ಮಾತಿನ ಮೇಲಿನ ಕಾವಲು ಎಷ್ಟು ಅಗಲ ಎಂಬ ಲೆಕ್ಕ ನಮಗೆ ತಿಳಿಯಬೇಕೆನ್ನುವುದು ಅತಿಯಾಸೆಯಲ್ಲ.

ಒಟ್ಟಿನಲ್ಲಿ ಈ ಬರಹಪ್ರಕಾರದ ಬಗ್ಗೆ ನಮ್ಮ ಅಭಿಪ್ರಾಯ ಹೀಗಿದೆ. ಇಲ್ಲದಿರುವುದಕ್ಕಿಂತ ಇರುವುದು ಲೇಸು. ಸಾಮಾನ್ಯ ಪೊಲೀಸ್ ಕೋರಿಕೆಗಳ ವಿಷಯದಲ್ಲಿ ಇದು ನಿಜಕ್ಕೂ ಉಪಯುಕ್ತ. ಮುಖ್ಯ ಸಾಲಿನಲ್ಲಿ ಮಾತ್ರ ಇದು ಪಾರದರ್ಶಕವಲ್ಲ, ಮಂಜುಗಟ್ಟಿದ ಗಾಜು. ಹಿಂದೆ ಯಾರೋ ಓಡಾಡುತ್ತಿದ್ದಾರೆಂದು ಕಾಣುತ್ತದೆ, ಎಷ್ಟು ಜನ ಎಂದು ಕಾಣುವುದಿಲ್ಲ. ಓದುವಾಗ ಮೂರು ಪ್ರಶ್ನೆ ಹಾಕಿಕೊಂಡರೆ ಸಾಕು. ಈ ಗುಟ್ಟು ಹೆಸರನ್ನು ಕಾಯುತ್ತಿದೆಯೋ, ಲೆಕ್ಕವನ್ನೋ? ಇದಕ್ಕೊಂದು ಕೊನೆಯ ದಿನ ಇದೆಯೋ, ಇಲ್ಲವೋ? ಏನೂ ನಡೆಯದಿದ್ದರೆ 'ಏನೂ ನಡೆದಿಲ್ಲ' ಎನ್ನಲು ಅಪ್ಪಣೆ ಇದೆಯೋ, ಇಲ್ಲವೋ? ಸೊನ್ನೆಯನ್ನು ಜಗತ್ತಿನ ಗಣಿತಕ್ಕೆ ಕೊಟ್ಟವರು ನಾವೆಂದು ವೇದಿಕೆಯ ಮೇಲೆ ಹೆಮ್ಮೆಪಡುವ ಜನ ನಾವು. ಅದನ್ನು ಬಾಯಿಬಿಟ್ಟು ಹೇಳುವ ಹಕ್ಕಿಗೂ ಅಷ್ಟೇ ಬೆಲೆ ಕೊಡೋಣ.

ನಮ್ಮ ಸಂಘದಲ್ಲಿ ಇಂಥ ಕಂಪನಿಗಳಲ್ಲೇ ಕೆಲಸ ಮಾಡುವವರು ಕಡಿಮೆಯಿಲ್ಲ. ವಕೀಲರಾಗಿರುವ ನಮ್ಮ ಮಕ್ಕಳೂ ಇದ್ದಾರೆ. ನಾವು ಬರೆದದ್ದರಲ್ಲಿ ಒಪ್ಪದ್ದಿದ್ದರೆ, ಹೇಳಬಹುದಾದಷ್ಟನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಲಿ. ಈ ಪತ್ರಿಕೆಯಲ್ಲಂತೂ ಯಾರ ಬಾಯಿಗೂ ಬೀಗವಿಲ್ಲ. ಇರುವುದು ಪುಟಗಳ ಮಿತಿ ಮಾತ್ರ.